ನಾನೂರ ಹದಿನೇಳರ ಮರಿಗಳು

ಜೂನ್ ೪

ತಮ್ಮಾ,

ಕಾಗೆ ಕಾಲು ಗುಬ್ಬಿ ಕಾಲಿನ ಈ ಅಕ್ಷರ ನೋಡಿ ಯಾರದಪ್ಪಾ ಇದು ಅಂದುಕೊಳ್ಳಬೇಡ. ನಾನು, ಪ್ರಯೋಗಾಲಯದ ಇಲಿಮನೆಯ ಇಲಿಯಕ್ಕ. ಪಂಜರದ ಚೀಟಿಯ ಮೇಲೆ ತಾರೀಖು ಬರೆದದ್ದು ಬಿಟ್ಟರೆ ಇಪ್ಪತ್ತೆಂಟು ವರ್ಷದಲ್ಲಿ ಬೇರೇನೂ ಬರೆದವಳಲ್ಲ.

ಹೋದ ತಿಂಗಳ ಕೊನೆಗೆ ನಿವೃತ್ತಿಯಾಯಿತು. ಬಿಳಿ ಅಂಗಿ, ಬೀಗದ ಕೈ ಕೊಟ್ಟು ಬಂದೆ. ಮೂಗಿಗೆ ಅಂಟಿದ ಮರದ ಹೊಟ್ಟಿನ ವಾಸನೆ ಮಾತ್ರ ಕೊಟ್ಟು ಬರಲಾಗಲಿಲ್ಲ. "ಇನ್ನಾದ್ರೂ ಮನುಷ್ಯರ ಜೊತೆ ಇರೋದು ಕಲಿ" ಎನ್ನುತ್ತಾರೆ ನಮ್ಮನೆಯವರು. ಮನುಷ್ಯರ ಕಿವಿಯಲ್ಲಿ ಗುರುತೇ ಇಲ್ಲವಲ್ಲ, ಯಾರು ಯಾರೆಂದು ಹೇಗೆ ತಿಳಿಯುವುದು?

ನಿನ್ನ ವಿಳಾಸವನ್ನು ಪ್ರಯೋಗಾಲಯದ ಗುಮಾಸ್ತರು ಕೊಟ್ಟರು. ನೀನೀಗ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥನಂತೆ. ನಮ್ಮ ಗಡಿಬಿಡಿ ಒಂದು ಕುರ್ಚಿಯಲ್ಲಿ ಐದು ನಿಮಿಷ ಕೂರುತ್ತಾನೆ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಮೊನ್ನೆ ಬಸ್ಸಿನಲ್ಲಿ ಮೌನಿ ಸಿಕ್ಕಿದಳು. ನೀನು ಹೋದ ಮೇಲೆ ನಿನ್ನ ಮೇಜಿಗೆ ಬಂದವಳು, ನೀನು ಬಿಟ್ಟಲ್ಲಿಂದ ಸಂಶೋಧನೆ ಹಿಡಿದು ನಾಲ್ಕು ವರ್ಷ ದುಡಿದು ಪದವಿಯಿಲ್ಲದೆ ಹೊರಟುಹೋದಳಲ್ಲ, ಅವಳೇ. ಈಗ ಹೋರಿಗಳ ವೀರ್ಯ ಶೇಖರಿಸುವ ಕೇಂದ್ರದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ವೀರ್ಯಾಣು ಎಣಿಸುತ್ತಾಳಂತೆ. ನನ್ನನ್ನು ನೋಡಿ ಎದ್ದು ಜಾಗ ಬಿಟ್ಟುಕೊಟ್ಟಳು. ನನಗೆ ಕೂರಲಾಗಲಿಲ್ಲ.

ಒಂದು ಮಾತು ಕೇಳುವುದಿತ್ತು. ನಾನೂರ ಹದಿನೇಳನೆಯ ಗಂಡು ನಿನಗೆ ನೆನಪಿದೆಯೇ?

ನಿನ್ನ,
ಇಲಿಯಕ್ಕ


ಜೂನ್ ೧೫

ಪ್ರೀತಿಯ ಅಕ್ಕ,

ನಿಮ್ಮ ಕಾಗದ ನೋಡಿ ಎಷ್ಟು ಖುಷಿಯಾಯಿತೆಂದರೆ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಿವಿಯ ಗುರುತಿನ ಮಾತಿಗೆ ನಮ್ಮ ಪ್ರಾಂಶುಪಾಲರು ತಮ್ಮ ಕಿವಿ ಮುಟ್ಟಿಕೊಂಡು ನಕ್ಕರು.

ನಾನು ಈಗಲೂ ಗಡಿಬಿಡಿಯೇ. ಮಗಳಿಗೆ ಹತ್ತು ವರ್ಷ, ಅವಳೂ ಹಾಗೇ ಎಂದು ಹೆಂಡತಿಯ ದೂರು. ನಿಮಗೆ ಆಗ ಹೇಳುತ್ತಿದ್ದ ಮೇಸ್ತ್ರಿಯ ಕಥೆಯನ್ನೇ ಈಗ ತರಗತಿಯಲ್ಲೂ ಹೇಳುತ್ತೇನೆ. ಮೈಯೊಳಗಿನ ಸಾವಿರಾರು ವಂಶವಾಹಿಗಳಲ್ಲಿ ಹೆಚ್ಚಿನವು ಕೂಲಿಗಳು, ಕೆಲವು ಮಾತ್ರ ಮೇಸ್ತ್ರಿಗಳು. ಮೇಸ್ತ್ರಿ ತಾನು ಇಟ್ಟಿಗೆ ಹೊರುವುದಿಲ್ಲ. ಯಾರು, ಯಾವಾಗ, ಏನು ಹೊರಬೇಕೆಂದು ಹೇಳುತ್ತದೆ. ನಾವು ಹಿಡಿದ ಮೇಸ್ತ್ರಿ ವೃಷಣದಲ್ಲಿ ಕೆಲಸ ಮಾಡಿಸುವಂಥದ್ದು. ಅದು ಹೇಳಿದರೆ ಎಳೆಯ ಕೋಶ ಎರಡು ಸಲ ಒಡೆದು, ಬಾಲ ಬೆಳೆಸಿಕೊಂಡು ವೀರ್ಯಾಣುವಾಗುತ್ತದೆ. ಹೇಳುವವರಿಲ್ಲದಿದ್ದರೆ ಅರ್ಧ ದಾರಿಯಲ್ಲಿ ನಿಂತು ಸಾಯುತ್ತದೆ. ಅಂಥ ಗಂಡು ದುಂಡಗೆ ಬೆಳೆಯುತ್ತದೆ, ಹೆಣ್ಣಿನ ಹಿಂದೆ ಓಡುತ್ತದೆ, ಮರಿ ಮಾತ್ರ ಆಗುವುದಿಲ್ಲ. "ನಮ್ಮ ಓಣಿಯ ಪುಢಾರಿ ಥರಾ ಅನ್ನು, ಓಡಾಟ ಜಾಸ್ತಿ, ಕೆಲಸ ಸೊನ್ನೆ" ಎಂದಿದ್ದಿರಿ ನೀವು. ಆ ಮಾತಿಗೆ ಮಕ್ಕಳು ಪ್ರತಿ ವರ್ಷವೂ ನಗುತ್ತಾರೆ.

ನಾನೂರ ಹದಿನೇಳು? ಅಕ್ಕ, ಅಷ್ಟು ಇಲಿಗಳಲ್ಲಿ ಯಾವುದೆಂದು ನೆನಪಿಟ್ಟುಕೊಳ್ಳಲಿ! ಎಲ್ಲ ಮರೆತುಹೋಗಿದೆ. ಮೌನಿಯನ್ನು ಕೇಳಿದೆನೆಂದು ಹೇಳಿ.

ನಿಮ್ಮ,
ಗಡಿಬಿಡಿ


ಜೂನ್ ೨೬

ತಮ್ಮಾ,

ನೀನು ಮರೆತಿದ್ದೀಯ. ಮರೆಯಬಹುದು, ತಪ್ಪು ನಿನ್ನದಲ್ಲವಲ್ಲ. ನಾನು ಮರೆತಿಲ್ಲ. ಹನ್ನೊಂದು ವರ್ಷದಿಂದ ಗಂಟಲಲ್ಲಿ ಮುಳ್ಳು ಇಟ್ಟುಕೊಂಡವಳು ಇವತ್ತು ಕಕ್ಕುತ್ತೇನೆ, ಸಮಾಧಾನದಿಂದ ಓದು.

ಅದು ಪಂಜರ ತೊಳೆಯುವ ಸೋಮವಾರ. ತಳ್ಳುಗಾಡಿಯ ಗಾಲಿ ಹೊಸ್ತಿಲಿಗೆ ಸಿಕ್ಕಿ ಮೇಲಿನ ಎರಡು ಪಂಜರ ಉರುಳಿ ಮುಚ್ಚಳ ತೆರೆದುಕೊಂಡವು. ಒಂದರಲ್ಲಿ ನಾನೂರ ಹದಿನೇಳು, ಇನ್ನೊಂದರಲ್ಲಿ ನಾನೂರ ಹತ್ತೊಂಬತ್ತು. ಒಂದೇ ಬಸಿರಿನ ಅಣ್ಣತಮ್ಮಂದಿರು. ಪ್ರತಿ ವಂಶವಾಹಿಯೂ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ಬರುತ್ತದೆ ಎಂದು ನೀನೇ ಕಲಿಸಿದ್ದೆ. ಹದಿನೇಳಕ್ಕೆ ಮೇಸ್ತ್ರಿಯ ಎರಡು ಪ್ರತಿಯೂ ಕೆಟ್ಟಿದ್ದವು, ಅದಕ್ಕೆ ಮರಿಯಾಗಬಾರದು. ಹತ್ತೊಂಬತ್ತಕ್ಕೆ ಒಂದು ಪ್ರತಿ ಸರಿಯಿತ್ತು, ಅದಕ್ಕೆ ಆಗುತ್ತದೆ. ಎರಡೂ ಕಪಾಟಿನ ಅಡಿಗೆ ನುಗ್ಗಿದವು. ನೆಲದ ಮೇಲೆ ಬೋರಲು ಮಲಗಿ ಹಿಡಿದೆ. ಗುರುತಿಗೆ ಕತ್ತರಿಸಿದ ಕಚ್ಚು ಬಲಗಿವಿಯಲ್ಲಿ ಒಂದಿದ್ದರೆ ಹದಿನೇಳು, ಎರಡಿದ್ದರೆ ಹತ್ತೊಂಬತ್ತು. ಮೊದಲು ಸಿಕ್ಕಿದ್ದರಲ್ಲಿ ಒಂದೇ ಕಚ್ಚು ಕಂಡಿತು, ಹದಿನೇಳರ ಪಂಜರಕ್ಕೆ ಬಿಟ್ಟೆ. ಎರಡನೆಯದರ ಕಿವಿ ನೋಡಲೇ ಇಲ್ಲ. ಉಳಿದದ್ದು ಇನ್ಯಾವುದು ಅಂದುಕೊಂಡೆ. ಆ ಮಧ್ಯಾಹ್ನ ನೀನು ಬರೆದಿಟ್ಟ ಹಾಗೆ ಹದಿನೇಳರ ಪಂಜರಕ್ಕೆ ಹೆಣ್ಣು ಬಿಟ್ಟೆ.

ಮೂರು ವಾರ ಕಳೆದ ಮೇಲೆ ಆರು ಮರಿ. ನೀನು "ಅಕ್ಕಾ, ಹದಿನೇಳು ಅಪ್ಪ ಆದ!" ಎಂದು ಕೂಗುತ್ತಾ ಓಡಿಬಂದೆ. ಪ್ರಯೋಗಾಲಯ ನಡೆಸುವ ನಮ್ಮ ದೊಡ್ಡವರು ತಾವೇ ಇಲಿಮನೆಗೆ ಬಂದು, ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ, "ಚೆನ್ನಾಗಿ ನೋಡ್ಕೊಂಡಿದ್ದೀರಿ" ಎಂದರು. ಎಲ್ಲರೂ ಹೋದ ಮೇಲೆ ನನಗೇಕೋ ಅನುಮಾನ ಬಂತು. ಭೂತಗನ್ನಡಿ ಹಿಡಿದು ಕಿವಿ ನೋಡಿದೆ. ಎರಡು ಕಚ್ಚಿನ ನಡುವಿನ ಚರ್ಮ ಹರಿದು ಒಂದಾಗಿತ್ತು. ಎಲ್ಲೋ ಕಾದಾಡಿ ಕಚ್ಚಿಸಿಕೊಂಡದ್ದು. ನಾನು ಹೆಣ್ಣಿನ ಜೊತೆ ಬಿಟ್ಟದ್ದು ಹತ್ತೊಂಬತ್ತನ್ನು.

ಆಗ ಹೇಳಬೇಕಿತ್ತು. ಹೇಳಲಿಲ್ಲ. ಎರಡನ್ನೂ ಅದಲುಬದಲು ಮಾಡಿ ಅವವುಗಳ ಪಂಜರಕ್ಕೆ ಸೇರಿಸಿದೆ. ಮರುದಿನ ನೀನು ಹದಿನೇಳರ ಬಾಲದ ತುದಿ ಕತ್ತರಿಸಿ, ಯಾವ ಪ್ರತಿ ಇದೆಯೆಂದು ಮತ್ತೆ ಪರೀಕ್ಷಿಸಿದೆ. ನಾನು ಬದಲಿಸದೇ ಇದ್ದಿದ್ದರೆ ತಪ್ಪು ಅವತ್ತೇ ಸಿಕ್ಕಿಬೀಳುತ್ತಿತ್ತು. ತಪ್ಪು ಮಾಡಿದ್ದಕ್ಕಿಂತ ಅದನ್ನು ಸರಿಮಾಡಿದ್ದೇ ದೊಡ್ಡ ಅಪರಾಧವಾಯಿತು.

ಹದಿನೇಳಕ್ಕೆ ಮತ್ತೆ ಮರಿಯಾಗಲಿಲ್ಲ. ಅದರ ಹರೆಯದಲ್ಲಿ ಇನ್ನೊಬ್ಬ ಮೇಸ್ತ್ರಿ ನಾಲ್ಕು ದಿನ ಕೆಲಸ ಮಾಡಿಸಿ ಸುಮ್ಮನಾಗಿರಬೇಕು ಎಂದು ನೀನು ಬರೆದೆ, ಅಚ್ಚಾಯಿತು, ಪದವಿ ಬಂತು. ಆ ಎರಡನೆಯ ಮೇಸ್ತ್ರಿಯನ್ನು ಹುಡುಕುವುದು ಮೌನಿಯ ಪಾಲಿಗೆ ಬಂತು. ಇಲ್ಲದವನನ್ನು ಎಲ್ಲಿಂದ ಹುಡುಕುತ್ತಾಳೆ? ಪ್ರತಿ ಸೋಮವಾರ ಬಂದು "ಅಕ್ಕಾ, ಇವತ್ತಾದ್ರೂ ಯಾವ್ದಾದ್ರೂ ಹಾಕಿದೆಯಾ ಮರಿ?" ಎನ್ನುತ್ತಿದ್ದಳು. "ಇಲ್ಲಮ್ಮಾ" ಎನ್ನುತ್ತಿದ್ದೆ. ನಾಲ್ಕು ವರ್ಷ, ತಮ್ಮಾ.

ಬೈಯುವುದಿದ್ದರೆ ಬೈದು ಬರೆ.

ಅಕ್ಕ


ಆಗಸ್ಟ್ ೨೦

ಅಕ್ಕ,

ಉತ್ತರ ತಡವಾಯಿತು, ಪರೀಕ್ಷೆಗಳ ಕಾಲ.

ನೀವು ಇಷ್ಟೊಂದು ನೊಂದುಕೊಳ್ಳುವ ಅಗತ್ಯವಿಲ್ಲ. ಇಲಿ ಹಿಡಿಯುವಾಗ ತಪ್ಪುವುದು ಸಹಜ. ನಾನು ನಿಮ್ಮನ್ನು ಪೂರ್ಣ ಮನಸ್ಸಿನಿಂದ ಕ್ಷಮಿಸಿದ್ದೇನೆ. ಆ ಬರಹ ಹಳೆಯದಾಯಿತು, ಈಗ ಯಾರೂ ಓದುವುದಿಲ್ಲ.

ಒಂದೇ ಒಂದು ಕೋರಿಕೆ. ಮೌನಿಗೆ ಇದನ್ನು ಹೇಳಬೇಡಿ. ಅವಳ ಬದುಕು ಒಂದು ದಾರಿ ಹಿಡಿದಿದೆ. ಮಾಯುತ್ತಿರುವ ಗಾಯವನ್ನು ಕೆರೆಯುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.


ಆಗಸ್ಟ್ ೨೭

ತಮ್ಮಾ,

ಎಂಟು ವಾರ ನಿನ್ನ ಕಾಗದ ಬಾರದೆ, ಇವನು ನನ್ನ ಮುಖ ನೋಡಲಾರ ಅಂದುಕೊಂಡಿದ್ದೆ. "ಕ್ಷಮಿಸಿದ್ದೇನೆ" ಎಂಬುದನ್ನು ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ನಿನ್ನದು ದೊಡ್ಡ ಮನಸ್ಸು.

ಆದರೆ ನಿನ್ನ ಕೋರಿಕೆ ತಲುಪುವ ಮೊದಲೇ ಮೌನಿಯ ಹತ್ತಿರ ಹೋಗಿ ಬಂದಿದ್ದೆ. ಅವಳ ಕೆಲಸದ ಜಾಗಕ್ಕೇ ಹೋದೆ. ಉದ್ದನೆಯ ಕೋಣೆ, ಒಂದು ಗೋಡೆಗೆ ಹೊಗೆಯಾಡುವ ತಣ್ಣನೆಯ ಪೀಪಾಯಿಗಳು, ಕಿಟಕಿಯ ಬಳಿ ಅವಳ ಸ್ಟೂಲು. ಕೈಗವಸು ತೆಗೆಯದೆ ಎಲ್ಲ ಕೇಳಿದಳು. ಕೂಗುತ್ತಾಳೆ, ಹೊರಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಮರಿಗಳ ಬಾಲದ ಪರೀಕ್ಷೆ ಏನಾಯ್ತು ಅಕ್ಕಾ?"

ಹದಿನೇಳೇ ಅಪ್ಪನಾಗಿದ್ದರೆ ಅದರ ಹತ್ತಿರ ಕೊಡಲಿಕ್ಕೆ ಇದ್ದದ್ದು ಕೆಟ್ಟ ಪ್ರತಿಯೊಂದೇ, ಆರಕ್ಕೆ ಆರು ಮರಿಯಲ್ಲೂ ಅದು ಕಾಣಬೇಕಿತ್ತಂತೆ. ಹತ್ತೊಂಬತ್ತು ಅಪ್ಪನಾಗಿದ್ದರೆ ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ಇಲ್ಲ. ನಿನ್ನ ಬರಹದಲ್ಲಿ ಮೂರು ಮರಿಯ ಲೆಕ್ಕ ಇದೆಯಂತೆ, ಮೂರರಲ್ಲೂ ಕೆಟ್ಟ ಪ್ರತಿ. ಉಳಿದ ಮೂರು ಪರೀಕ್ಷೆಗೆ ಮೊದಲೇ ಸತ್ತವು ಎಂದಿದೆಯಂತೆ. ಅವಳು ನಿನಗೆ ಮೂರು ಸಲ ಬರೆದು ಕೇಳಿದ್ದಳಂತೆ. ಮನೆ ಬದಲಿಸುವಾಗ ಆ ಪರೀಕ್ಷೆಯ ಲೆಕ್ಕ ಬರೆದಿಟ್ಟ ಪುಸ್ತಕ ಕಳೆದುಹೋಯಿತು ಎಂದೆಯಂತೆ.

ತಮ್ಮಾ, ಒಂದು ಮರಿಯೂ ಸತ್ತಿರಲಿಲ್ಲ. ಆರನ್ನೂ ಅಂಗೈಯಲ್ಲಿ ಹಿಡಿದವಳು ನಾನು. ಆರು ಬಾಲದ ತುದಿ, ಆರು ಸೀಸೆ, ನೀನು ಮೇಲೆ ಒಂದರಿಂದ ಆರರವರೆಗೆ ಬರೆದೆ. ನೀನು ಹೋದ ಮೇಲೂ ನಾಲ್ಕು ತಿಂಗಳು ಆ ಆರಕ್ಕೂ ಕಾಳು ಹಾಕಿದ್ದೇನೆ. ನಿನಗೆ ಮರೆತಿರಬೇಕು. ನೆನಪು ಮಾಡಿಕೊಂಡು ಬರೆ, ನಾನು ಅವಳಿಗೆ ಹೇಳುತ್ತೇನೆ.

ಅಕ್ಕ


ಅಕ್ಟೋಬರ್ ೧೦

ನಿನ್ನಿಂದ ಕಾಗದವಿಲ್ಲ. ಪರೀಕ್ಷೆಗಳ ಕಾಲವಲ್ಲ ಎಂದು ಪಕ್ಕದ ಮನೆಯ ಮೇಷ್ಟ್ರು ಹೇಳಿದರು.

ಮೌನಿಗೆ ಏನು ಹೇಳಲಿ?


ಅಕ್ಟೋಬರ್ ೨೨

ಅಕ್ಕ,

ಈ ಕಾಗದ ಐದನೆಯ ಸಲ ಬರೆಯುತ್ತಿದ್ದೇನೆ. ಹಿಂದಿನ ನಾಲ್ಕರಲ್ಲೂ ನಾನು ಒಳ್ಳೆಯವನಾಗಿದ್ದೆ, ಹರಿದು ಹಾಕಿದೆ.

ಆರನ್ನೂ ಪರೀಕ್ಷಿಸಿದ್ದೆ. ಮೂರರಲ್ಲಿ ಕೆಟ್ಟ ಪ್ರತಿ ಇತ್ತು, ಮೂರರಲ್ಲಿ ಇರಲಿಲ್ಲ. ಹಾಳೆ ಕೈಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಒಂದು ಕ್ಷಣದಲ್ಲಿ ಅರ್ಥವಾಯಿತು. ಇವುಗಳ ತಂದೆ ಹದಿನೇಳು ಅಲ್ಲ. ಯಾರೆಂದು ಗೊತ್ತಿರಲಿಲ್ಲ, ಹೇಗೆಂದೂ ಗೊತ್ತಿರಲಿಲ್ಲ, ಅಲ್ಲ ಎನ್ನುವುದು ಮಾತ್ರ ಗೊತ್ತಾಯಿತು.

ಸೀಸೆಗಳು ಅದಲುಬದಲಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬಾಲದ ತುಂಡುಗಳು ಇನ್ನೂ ಶೀತಪೆಟ್ಟಿಗೆಯಲ್ಲಿದ್ದವು, ಮತ್ತೊಮ್ಮೆ ನೋಡಲು ಅರ್ಧ ದಿನ ಸಾಕಿತ್ತು. ನೋಡಲಿಲ್ಲ. ನೋಡಿದರೆ ಖಚಿತವಾಗಿಬಿಡುತ್ತದೆ ಎಂಬ ಭಯ. ದೊಡ್ಡವರು ಅಷ್ಟರಲ್ಲಿ ಹತ್ತು ಜನಕ್ಕೆ ಹೇಳಿಯಾಗಿತ್ತು. ನನಗೆ ಅದು ಸಂಶೋಧನೆಯ ಆರನೆಯ ವರ್ಷ. ಕೈಯಲ್ಲಿ ಬೇರೇನೂ ಇರಲಿಲ್ಲ. ಆ ವಾರ ಹೆಂಡತಿ ಬಸುರಿಯೆಂದು ತಿಳಿದಿತ್ತು. ಇವೆಲ್ಲ ಕಾರಣಗಳಲ್ಲ, ಅಕ್ಕ. ಆಗ ಕಾರಣಗಳಂತೆ ಕಂಡವು ಅಷ್ಟೇ. "ಮೂರು ಮರಿಗಳು ಸತ್ತವು" ಎಂದು ಬರೆಯಲು ಒಂದು ಸಾಲು ಸಾಕಾಯಿತು.

ಮೌನಿಯ ಮೂರು ಕಾಗದಗಳೂ ನನ್ನ ಹತ್ತಿರವಿವೆ. ಮೂರನೆಯದರಲ್ಲಿ ಅವಳು, "ನಾನೇ ಎಲ್ಲೋ ತಪ್ಪುತ್ತಿದ್ದೇನೆ ಅನಿಸುತ್ತದೆ, ದಯವಿಟ್ಟು ತಿದ್ದಿ" ಎಂದು ಬರೆದಿದ್ದಾಳೆ. ಅದಕ್ಕೆ ನಾನು ಉತ್ತರ ಕೊಟ್ಟೆ. ಕೈ ಇನ್ನಷ್ಟು ಪಳಗಬೇಕು ಎಂದೆ.

ಪುಸ್ತಕ ಕಳೆದಿಲ್ಲ. ನನ್ನ ಕಪಾಟಿನಲ್ಲಿದೆ.


ನವೆಂಬರ್ ೧

ಬಾಲದ ಪುಸ್ತಕ ಕಪಾಟಿನಲ್ಲಿಟ್ಟುಕೊಂಡು ನನಗೆ "ಕ್ಷಮಿಸಿದ್ದೇನೆ" ಎಂದು ಹೇಗೆ ಬರೆದೆ? ಅದನ್ನು ಓದಿ ಅತ್ತ ನನ್ನ ಕಣ್ಣೀರು ವಾಪಸ್ಸು ಕೊಡು.

ಹೆಚ್ಚು ಓದದವಳು, ಪಂಜರ ತೊಳೆಯುವವಳು, ಒಬ್ಬ ವಿದ್ಯಾವಂತನಿಗೆ ಮೋಸ ಮಾಡಿದೆ ಎಂದು ಹನ್ನೊಂದು ವರ್ಷ ಕೊರಗಿದೆ. ನಿನ್ನ ಹೆಸರು ಪತ್ರಿಕೆಯಲ್ಲಿ ಬಂದಾಗ ಪುಟ ಮಡಿಸಿ ಬಚ್ಚಿಟ್ಟೆ. ನೀನು ಮಗಳ ನಾಮಕರಣದೂಟಕ್ಕೆ ಕರೆದಾಗ ಜ್ವರವೆಂದು ಸುಳ್ಳು ಹೇಳಿದ್ದು ಇದಕ್ಕೇ. ನೀನೋ, ತಿಳಿದೂ ತಿಳಿದೂ ಆ ಹುಡುಗಿಗೆ ಕೈ ಪಳಗಬೇಕು ಅಂದೆ.

ಹಾಗಂತ ನನ್ನ ತಪ್ಪು ತೊಳೆದುಹೋಯಿತೇ? ಇಲ್ಲ. ಸುಳ್ಳಿಗೆ ಬಾಗಿಲು ತೆರೆದವಳು ನಾನು. ನೀನು ಅದಕ್ಕೆ ಮಣೆ ಹಾಕಿ ಕೂರಿಸಿದೆ.

ಈಗ ನಾನು ಹೇಳಿದಂತೆ ಮಾಡು. ಅಚ್ಚು ಮಾಡಿದವರಿಗೆ ಬರೆ. ಆರು ಮರಿಯ ಹಾಳೆ ಕಳಿಸು. ಪಂಜರದ ವಿಷಯ ನಾನು ಬರೆದುಕೊಡುತ್ತೇನೆ, ನೀನು ಅವರ ಭಾಷೆಗೆ ಮಾಡು, ಕೆಳಗೆ ನನ್ನ ಹೆಬ್ಬೆಟ್ಟಲ್ಲ, ಸಹಿಯೇ ಇರಲಿ. ಮೌನಿಯ ಕೆಲಸ ಸರಿಯಿತ್ತು ಎಂದು ಅದರಲ್ಲಿ ಬರಬೇಕು.

ಕುರ್ಚಿ ಹೋಗುತ್ತದೆ ಎನ್ನುತ್ತೀಯ. ಹೋಗಲಿ.


ಫೆಬ್ರವರಿ ೧೮

ಅಕ್ಕ,

ಆಯಿತು. ಬರಹವನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಪ್ರಕಟಣೆಯ ಒಂದು ಪ್ರತಿ ನಿಮಗೆ, ಒಂದು ಮೌನಿಗೆ ಕಳಿಸಿದ್ದೇನೆ. "ಆನಂತರ ಇದೇ ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ನಡೆದ ಕೆಲಸದಲ್ಲಿ ಇಂಥ ಒಂದು ಗಂಡಿಗೂ ಮರಿಯಾಗಿರಲಿಲ್ಲ, ಆ ಫಲಿತಾಂಶವೇ ಸರಿಯಾದದ್ದು" ಎಂಬ ಸಾಲು ಕೊನೆಯಲ್ಲಿದೆ, ಅವಳ ಹೆಸರಿನ ಜೊತೆಗೆ. ಅದೊಂದನ್ನು ಸೇರಿಸಲು ಮೂರು ಸಲ ಬರೆಯಬೇಕಾಯಿತು.

ದೊಡ್ಡವರು ಫೋನಿನಲ್ಲಿ "ಹೂತಿದ್ದನ್ನ ಯಾಕಯ್ಯಾ ಅಗೀತೀಯ?" ಎಂದರು. ಕೊನೆಗೆ, "ಆ ಹುಡುಗಿಯ ಕಡತದಲ್ಲಿ 'ಎಚ್ಚರ ಸಾಲದು' ಅಂತ ನಾನೇ ಬರೆದಿದ್ದೆ" ಎಂದು ಇಟ್ಟುಬಿಟ್ಟರು.

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಮುಖ್ಯಸ್ಥನ ಕೋಣೆ ಖಾಲಿ ಮಾಡಿದ್ದೇನೆ. ಪಾಠ ಹೇಳುವುದನ್ನು ಮುಂದಿನ ಆದೇಶದವರೆಗೆ ನಿಲ್ಲಿಸಿದ್ದಾರೆ. ಹೆಂಡತಿ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ. "ಹನ್ನೊಂದು ವರ್ಷ ನನ್ನ ಪಕ್ಕದಲ್ಲಿ ಕೂತು ಊಟ ಮಾಡಿದ್ದು ಯಾರು?" ಎಂದು ಕೇಳಿದಳು. ಮಗಳು, "ಅಪ್ಪಾ, ನೀನು ನಕಲು ಹೊಡೆದ್ಯಾ?" ಎಂದಳು. ಹೌದು ಎಂದೆ. ಅವಳು ಎದ್ದು ಆಟಕ್ಕೆ ಹೋದಳು.

ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಮೌನಿಗೆ ಬೇರೆ ಕಾಗದವನ್ನೂ ಬರೆದಿದ್ದೆ, ಉತ್ತರ ಬಂದಿಲ್ಲ. ಕೇಳುವ ಹಕ್ಕು ನನಗಿಲ್ಲ. ನಿಮಗೇನಾದರೂ ಹೇಳಿದಳೇ?


ಮಾರ್ಚ್ ೯

ತಮ್ಮಾ,

ಮೌನಿ ಹೋದ ವಾರ ಪ್ರಕಟಣೆ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದಳು. "ಅಪ್ಪನಿಗೆ ಓದಿ ಹೇಳಿದೆ ಅಕ್ಕಾ, ತಲೆಗೆ ಹೋಗ್ತಿಲ್ಲ. ನೀವು ಬಂದು ಬಾಯಲ್ಲಿ ಹೇಳ್ತೀರಾ?" ಎಂದಳು. ಸೆರಗು ಸರಿಮಾಡಿಕೊಂಡು ಹೊರಟೆ.

ಎರಡು ಕೋಣೆಯ ಮನೆ. ಅವಳಪ್ಪ ಬಡಗಿ, ಈಗ ಕಣ್ಣು ಮಂಜು, ಆದರೂ ಕಿಟಕಿಯ ಹತ್ತಿರ ಕೂತು ಒಂದು ಹಲಗೆಯನ್ನು ಕೈಯಿಂದ ತಡವುತ್ತಿದ್ದರು. ನಾನು ಪಂಜರ ಬಿದ್ದದ್ದರಿಂದ ಹಿಡಿದು ನಿನ್ನ ಆರು ಸೀಸೆಯವರೆಗೆ ಒಂದೂ ಬಿಡದೆ ಹೇಳಿದೆ. ಮುಗಿದ ಮೇಲೆ ಕೇಳಿದರು.

"ಅಂದ್ರೆ ಆ ನಾಲ್ಕು ವರ್ಷದಲ್ಲಿ ನನ್ನ ಮಗಳು ಒಂದು ತಪ್ಪೂ ಮಾಡ್ಲಿಲ್ಲ?"

"ಒಂದೂ ಇಲ್ಲ" ಎಂದೆ.

ಹಲಗೆಯನ್ನು ಪಕ್ಕಕ್ಕಿಟ್ಟರು. ಮೌನಿ ಪದವಿಯಿಲ್ಲದೆ ಮನೆಗೆ ಬಂದ ವರ್ಷವೇ ಅವಳಮ್ಮ ಹಾಸಿಗೆ ಹಿಡಿದರಂತೆ. ಒಂದು ಸಂಜೆ ಆ ಹಾಸಿಗೆಯ ಪಕ್ಕದಲ್ಲೇ ನಿಂತು ಇವರು ಮಗಳಿಗೆ ಅಂದಿದ್ದರಂತೆ, "ನಿನ್ನ ಕೊರಗಲ್ಲೇ ಇವಳು ಹೋಗ್ತಿದ್ದಾಳೆ, ನೋಡ್ಕೊ" ಅಂತ. ಹತ್ತು ದಿನಕ್ಕೆ ಆಕೆ ಹೋದರು. ಆ ಮಾತನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಿರಲಿಲ್ಲ. ಅವತ್ತು ಅವರೇ ಎತ್ತಿದರು.

"ಅಚ್ಚಾಗಿದ್ದನ್ನ ಅವರು ಹಿಂದಕ್ಕೆ ತಗೊಂಡ್ರು. ನಾನು ಆಡಿದ್ದನ್ನ ಯಾರು ತಗೋತಾರೆ ತಾಯೀ?"

ಬಾಗಿಲಲ್ಲಿ ನಿಂತಿದ್ದ ಮೌನಿ "ಬಿಡಪ್ಪಾ" ಎಂದಳು. ಮುಖ ನೋಡಿ ಹೇಳಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ನಮ್ಮಿಬ್ಬರ ತಪ್ಪು ಇಲ್ಲಿಯವರೆಗೆ ಬಂದಿತ್ತೆಂದು, ಏನೂ ಮಾಡದ ಮುದುಕರನ್ನೂ ತಪ್ಪಿತಸ್ಥರನ್ನಾಗಿ ಮಾಡಿತ್ತೆಂದು ನನಗೆ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಾರದು, ಅದಕ್ಕೇ ಬರೆಯುತ್ತಿದ್ದೇನೆ.

ಮೌನಿ ಬಸ್ ನಿಲ್ದಾಣದವರೆಗೆ ಬಂದಳು. ಬಸ್ಸು ಕಂಡಾಗ ಹೇಳಿದಳು, "ಅವರಿಗೆ ಬರೀರಿ ಅಕ್ಕಾ. ಬರ್ಲಿ. ಕ್ಷಮಿಸ್ತೀನಿ ಅಂತಲ್ಲ. ಕಾಗದದಲ್ಲಿ ಎಷ್ಟೂ ಚೆಂದ ಬರೀಬಹುದು. ನಾನು ಕೇಳೋದಕ್ಕೆ ಎದುರಿಗೆ ಕೂತು ಉತ್ತರ ಹೇಳ್ಲಿ, ಅಪ್ಪನೂ ಕೇಳಿಸ್ಕೊಳ್ಳಲಿ."

ಭಾನುವಾರ ಅವಳಿಗೆ ರಜೆ. ಬೆಳಿಗ್ಗೆ ಹತ್ತಕ್ಕೆ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಬಾಗಿಲವರೆಗೆ ನಾನು ಬರುತ್ತೇನೆ. ಒಳಗೆ ಮಾತು ನೀನೇ ಆಡಬೇಕು.

ಅಕ್ಕ